ಹತ್ತನೆಯ ಸಹಿ

ಸೇತುವೆಯ ಆಚೆಗಿನ ಕ್ಷೇತ್ರದಲ್ಲಿ ಚುನಾವಣೆ ಎಂದರೆ ಚುನಾವಣೆ. ಮೈಕು ಕಟ್ಟಿದ ಗಾಡಿಗಳು, ಗೋಡೆ ತುಂಬ ಮುಖಗಳು, ಗಂಡ ಒಂದು ಪಕ್ಷ ಹೆಂಡತಿ ಇನ್ನೊಂದು ಪಕ್ಷವಾಗಿ ಮೂರು ದಿನ ಮಾತುಬಿಡುವುದು, ಎಲ್ಲವೂ ಇತ್ತು. ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ಆರರ ಕಥೆ ಇದೇ. ಏಳನೆಯದು ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಕೂತಿತ್ತು. ಅಲ್ಲಿ ಎರಡು ಸಲದಿಂದ ಶಾಸಕ ಸಾಹೇಬರದು ಅವಿರೋಧ ಆಯ್ಕೆ. ಎದುರು ನಿಂತವರ ನಾಮಪತ್ರದಲ್ಲಿ ಏನಾದರೊಂದು ಹುಳುಕು ಸಿಗುತ್ತಿತ್ತು. ಹುಳುಕು ಸಿಗದಿದ್ದರೆ ನಿಂತವರ ಆರೋಗ್ಯವೇ ಕೆಡುತ್ತಿತ್ತು. ಅದೂ ಸರಿಯಾಗಿ ನಾಮಪತ್ರ ವಾಪಸು ಪಡೆಯುವ ಕೊನೆಯ ದಿನವೇ ಕೆಡುತ್ತಿತ್ತು, ಅದೊಂದು ಸೋಜಿಗ.

ಇಸ್ತ್ರಿ ಅಕ್ಕನಿಗೆ ಹೊಟ್ಟೆಯುರಿ ಇದ್ದದ್ದೇ ಇದಕ್ಕೆ. ಹತ್ತು ವರ್ಷದಿಂದ ಅವಳ ಬೆರಳಿಗೆ ವಿಧಾನಸಭೆಯ ಶಾಯಿ ತಾಗಿರಲಿಲ್ಲ. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅವಳ ಕೆಲಸ. ಕಾದ ರೋಲರಿನ ಈ ಕಡೆ ನಿಂತು ಒದ್ದೆ ಬಟ್ಟೆಯ ಅಂಚು ಹಿಡಿದು ಒಳಕ್ಕೆ ಕೊಡುವುದು ಅವಳು, ಆ ಕಡೆಯಿಂದ ಬಿಸಿಬಿಸಿ ಬಟ್ಟೆ ಎಳೆದು ಮಡಿಸುವುದು ಕುಳ್ಳಿ. ಲಾಂಡ್ರಿಯ ಯಜಮಾನರು ಸಾಹೇಬರ ಮಗಳ ಗಂಡ. ಅವರ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ, ಎಲ್ಲರ ಬಾಯಲ್ಲೂ ಅವರು ಅಳಿಯಂದಿರು.

ಈ ಸಲ ಸಾಹೇಬರ ಎದುರು ನಿಲ್ಲಲು ಒಬ್ಬಳು ಹೊರಟಿದ್ದಳು. ಶಾಲೆಯ ವ್ಯಾನ್ ಓಡಿಸುವವಳು. ಹೆದರಿಕೆ ಎಂಬುದು ಅವಳ ಮೈಯಲ್ಲಿ ಹುಡುಕಿದರೂ ಸಿಗದು. ಆದರೆ ಆಕೆ ಇಸ್ತ್ರಿ ಅಕ್ಕನ ಅತ್ತಿಗೆ, ಒಡಹುಟ್ಟಿದ ಅಣ್ಣನ ಹೆಂಡತಿ. ಮತ್ತು ಇಬ್ಬರ ನಡುವೆ ಆರು ವರ್ಷದಿಂದ ಮಾತಿಲ್ಲ, ಕತೆಯಿಲ್ಲ.

ಅಮ್ಮ ತೀರಿಕೊಂಡ ದಿನ ಅತ್ತಿಗೆ ನಾಲ್ಕು ಜನರ ಎದುರು ಅಂದಿದ್ದಳು: "ಹೆತ್ತವಳ ಹಾಸಿಗೆ ಬದಲಾಯಿಸೋಕೆ ಬರದವಳು ಅಳೋಕೆ ಮಾತ್ರ ಬಂದ್ಲು ನೋಡಿ." ಊರ ರೋಗಿಗಳ ಹಾಸಿಗೆ ಬಟ್ಟೆಯನ್ನು ದಿನಕ್ಕೆ ಎರಡು ಪಾಳಿ ಇಸ್ತ್ರಿ ಮಾಡುತ್ತಿದ್ದವಳಿಗೆ ಆ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತ್ತು. ಪೂರ್ತಿ ಸುಳ್ಳಾಗಿದ್ದರೆ ಅವಳು ಎಂದೋ ಮರೆಯುತ್ತಿದ್ದಳೇನೋ.

ಹಾಗಾಗಿ ನಾಮಪತ್ರ ಹಿಡಿದು ಬಂದ ಅಣ್ಣ ಹೊಸ್ತಿಲಲ್ಲೇ ನಿಂತ.

"ಒಂಬತ್ತು ಜನ ಸಹಿ ಹಾಕಿದಾರೆ ಕಣೇ. ಪಕ್ಷ ಇಲ್ಲದವರಿಗೆ ಹತ್ತು ಸೂಚಕರು ಬೇಕಂತೆ. ನಾಳೆ ಕೊನೇ ದಿನ. ಎಲ್ಲಿ ಹೋದರೂ ಬಾಗಿಲು ಹಾಕ್ಕೋತಾರೆ."

"ಅವಳು ಕಳಿಸಿದ್ಲಾ?"

"ಇಲ್ಲ. ನಿನ್ನ ಹತ್ರ ಹೋಗಬೇಡ ಅಂದ್ಲು."

"ಪೆನ್ನು ಕೊಡು."

ಸಹಿ ಹಾಕಿ ಹಾಳೆ ಹಿಂದಕ್ಕೆ ಕೊಟ್ಟಳು. ಅತ್ತಿಗೆಗೆ ಏನು ಹೇಳಲಿ ಎಂದು ಅಣ್ಣ ಕೇಳಿದ. "ಏನೂ ಹೇಳಬೇಡ. ನಾವು ಮಾತಾಡಲ್ಲ ಅಲ್ವಾ," ಎಂದಳು.

ನಾಮಪತ್ರ ಸಲ್ಲಿಕೆಯಾದ ಕೂಡಲೇ ಸಾಹೇಬರ ಕಡೆಯವರು ಹತ್ತು ಹೆಸರನ್ನೂ ಜಾಲಾಡಿದರು. ಒಂದು ಸಹಿ ಸುಳ್ಳೆಂದಾದರೂ ಸಾಕು, ನಾಮಪತ್ರ ಕಸದ ಬುಟ್ಟಿಗೆ. ಹತ್ತನೆಯ ಹೆಸರು ಕಂಡಾಗ ಅವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಮ್ಮದೇ ಲಾಂಡ್ರಿ, ಮೇಲಾಗಿ ಅತ್ತಿಗೆ ನಾದಿನಿ ಎಣ್ಣೆ ಸೀಗೆಕಾಯಿ. ಇನ್ನೇನು ಬೇಕು?

ಅವತ್ತೇ ಮೇಸ್ತ್ರಿ ರೋಲರಿನ ಹತ್ತಿರ ಬಂದು ಒಂದು ಬಿಳಿ ಹಾಳೆ ಚಾಚಿದ. "ಹೊಸ ಏಪ್ರನ್ ಬರುತ್ತೆ. ಕೆಳಗಡೆ ಒಂದು ಸಹಿ ಹಾಕು, ಪಟ್ಟಿ ಆಮೇಲೆ ಟೈಪ್ ಮಾಡ್ತಾರೆ." ಎರಡು ವರ್ಷದಿಂದ ಹರಕು ಏಪ್ರನ್ನಿನಲ್ಲೇ ಕಾಲ ಹಾಕಿದ್ದವಳು ಹಿಂದುಮುಂದು ನೋಡದೆ ಹಾಕಿಬಿಟ್ಟಳು.

ಪರಿಶೀಲನೆಯ ದಿನ ಬೆಳಗ್ಗೆ ಅಳಿಯಂದಿರಿಂದ ಕರೆ ಬಂತು. ಹೋದರೆ ಕುರ್ಚಿ ತೋರಿಸಿದರು. ಎಂದೂ ಏಕವಚನ ಬಿಡದ ಬಾಯಿ ಅಂದು ಬಹುವಚನ ಆಡಿತು.

"ನಿಮಗೂ ನಿಮ್ಮ ಅತ್ತಿಗೆಗೂ ಆಗಲ್ಲ ಅಂತ ಎಲ್ಲರಿಗೂ ಗೊತ್ತು. ಆ ಸಹಿ ನಂದಲ್ಲ ಅಂದ್ಬಿಡಿ. ಬರೋ ತಿಂಗಳಿಂದ ಈ ವಿಭಾಗ ನಿಮ್ಮ ಕೈಯಲ್ಲಿ."

"ಸಹಿ ನಂದೇ ಸಾರ್."

"ಅವಳು ಗೆದ್ದರೆ ನಿಮ್ಮ ತಲೆ ಮೇಲೇ ಕೂರ್ತಾಳೆ."

"ಅದು ನಮ್ಮ ಮನೆ ಜಗಳ ಸಾರ್. ನಾವೇ ಆಡ್ಕೋತೀವಿ. ಬಾಡಿಗೆಗೆ ಕೊಡಲ್ಲ."

ಅಳಿಯಂದಿರು ಸಿಟ್ಟಾಗಲಿಲ್ಲ, ನಕ್ಕರು. "ಸರಿ, ಹೋಗು. ನಿನ್ನ ಬಾಯಿಂದ ಕೇಳೋ ಅಗತ್ಯ ಇಲ್ಲ ಬಿಡು. ಸಂಜೆವರೆಗೂ ರೋಲರ್ ಬಿಟ್ಟು ಕದಲಿದರೆ ಕೆಲಸ ಇಲ್ಲ, ನೆನಪಿರಲಿ." ಬಹುವಚನ ಬಂದ ದಾರಿಯಲ್ಲೇ ಹೊರಟುಹೋಗಿತ್ತು.

ಆ ನಗು ಅವಳನ್ನು ಕೊರೆಯತೊಡಗಿತು. ಹತ್ತು ಬಟ್ಟೆ ಒಳಗೆ ಕೊಟ್ಟಳು, ಹನ್ನೊಂದನೆಯದರ ಅಂಚು ಕೈಯಲ್ಲೇ ಉಳಿಯಿತು.

"ಕುಳ್ಳಿ, ಹೊಸ ಏಪ್ರನ್‌ಗೆ ನೀನೂ ಸಹಿ ಹಾಕಿದ್ಯಾ?"

"ಯಾವ ಏಪ್ರನ್ನು? ಕೊಡ್ತಾರಂತಾ?"

ಇಸ್ತ್ರಿ ಅಕ್ಕ ಕೆಂಪು ಗುಂಡಿ ಒತ್ತಿದಳು. ರೋಲರ್ ನಿಂತಿತು.

"ಎಲ್ಲಿಗೇ?" ಎಂದಳು ಕುಳ್ಳಿ.

"ನನ್ನ ಹೆಸರಲ್ಲಿ ಯಾರೋ ಮಾತಾಡ್ತಿದಾರೆ. ಏನಂತ ಕೇಳ್ಕೊಂಡು ಬರ್ತೀನಿ."

ಬಾಗಿಲಲ್ಲಿ ಮೇಸ್ತ್ರಿ ಅಡ್ಡ ನಿಂತ. ಕೆಲಸ ಹೋಗುತ್ತೆ ಎಂದ. "ಹೋಗ್ಲಿ, ಮೊದಲು ನನ್ನನ್ನ ಹೋಗೋಕೆ ಬಿಡು," ಎಂದು ಅವನನ್ನು ಬಳಸಿಕೊಂಡು ನಡೆದೇಬಿಟ್ಟಳು. ಹೆದರಿಕೆ ಇರಲಿಲ್ಲವೇ? ಇತ್ತು, ಸುಳ್ಳೇಕೆ ಹೇಳುವುದು. ಗಂಡನ ಗ್ಯಾರೇಜು ಮುಚ್ಚಿ ನಾಲ್ಕು ತಿಂಗಳಾಗಿತ್ತು, ಇಬ್ಬರು ಮಕ್ಕಳು ಓದುತ್ತಿದ್ದರು. ಬಸ್ಸು ಇಳಿಯುವವರೆಗೂ ಅವರ ಫೀಜನ್ನು ಬೆರಳಲ್ಲಿ ಎಣಿಸುತ್ತಲೇ ಇದ್ದಳು. ಆದರೆ ಹೆದರಿಕೆಗಿಂತ ಒಂದು ಗೇಣು ಮೇಲೆ ಸಿಟ್ಟಿತ್ತು.

ಚುನಾವಣಾಧಿಕಾರಿಯ ಕೋಣೆಯಲ್ಲಿ ಸಾಹೇಬರ ವಕೀಲರು ನಿಂತು ಮಾತಾಡುತ್ತಿದ್ದರು. ಅತ್ತಿಗೆ ಕಡತವನ್ನು ಎದೆಗವಚಿಕೊಂಡು ಮೇಜಿನ ಈಚೆ ಕೂತಿದ್ದಳು, ಪಕ್ಕದಲ್ಲಿ ಅಣ್ಣ ತಲೆ ತಗ್ಗಿಸಿದ್ದ. ಒದ್ದೆ ಏಪ್ರನ್ನಿನಲ್ಲೇ ಒಳಬಂದ ಹೆಂಗಸನ್ನು ಕಂಡು ಅಧಿಕಾರಿ ಕನ್ನಡಕ ಏರಿಸಿದರು.

"ನಾನು ಹತ್ತನೇ ಸೂಚಕಿ ಸಾರ್."

"ನಿಮ್ಮದೇ ವಿಷಯ ನಡೀತಿದೆ. ನಾಮಪತ್ರದಲ್ಲಿರೋ ಸಹಿ ನಿಮ್ಮದಲ್ಲ ಅಂತ ನೀವು ಪತ್ರ ಕೊಟ್ಟಿದ್ದೀರಂತೆ?"

"ಎಲ್ಲಿ, ನೋಡೋಣ."

ಮೇಜಿನ ಮೇಲೆ ಪತ್ರ ಇತ್ತು. ನೀಟಾಗಿ ಟೈಪ್ ಮಾಡಿದ ಆರು ಸಾಲು. ಕೆಳಗೆ ಅವಳ ಸಹಿ. ಓದುತ್ತ ಓದುತ್ತ ಅವಳ ಕಿವಿ ಬಿಸಿಯಾಯಿತು. ಆಮೇಲೆ ಏನು ಹೊಳೆಯಿತೋ, ಪಕ್ಕದಲ್ಲಿದ್ದ ನಾಮಪತ್ರವನ್ನು ಪತ್ರದ ಹತ್ತಿರಕ್ಕೆ ಸರಿಸಬಹುದೇ ಎಂದು ಕೇಳಿದಳು. ಅಧಿಕಾರಿ ತಾವೇ ಸರಿಸಿದರು.

"ಸಾರ್, ಪತ್ರದಲ್ಲಿರೋ ಸಹಿ ನಂದೇ ಅಂತ ವಕೀಲರು ಹೇಳ್ತಾರಾ?"

"ಖಂಡಿತ ನಿಮ್ಮದೇ," ಎಂದರು ವಕೀಲರು, ಗತ್ತಿನಿಂದ.

"ಹಾಗಾದ್ರೆ ಎರಡನ್ನೂ ನೋಡಿ ಸಾರ್. ಮೊದಲನೇ ಅಕ್ಷರ ನೋಡಿ, ಕೊನೇಲಿ ಎಳೆದಿರೋ ಗೀಟು ನೋಡಿ. ಇದು ನಂದಾದ್ರೆ ಅದೂ ನಂದೇ. ಅದು ನಂದಲ್ಲ ಅಂದ್ರೆ ಇದೂ ನಂದಲ್ಲ, ಈ ಪತ್ರನೂ ನಂದಲ್ಲ. ಯಾವುದು ಬೇಕು ಅಂತ ವಕೀಲರೇ ಹೇಳ್ಲಿ."

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ವಕೀಲರು ತಮ್ಮ ಕಡತ ತಿರುವಿಹಾಕತೊಡಗಿದರು. ಬಿಳಿ ಹಾಳೆಗೆ ಸಹಿ ಹಾಕಿಸಿಕೊಂಡದ್ದು ಹೇಗೆ, ಏಪ್ರನ್ನಿನ ಕತೆ ಏನು ಎಂದು ಅವಳು ಒಂದೂ ಬಿಡದೆ ಹೇಳಿದಳು. ಅಧಿಕಾರಿ ಬೇರೊಂದು ಹಾಳೆ ಕೊಟ್ಟು ತಮ್ಮೆದುರೇ ಸಹಿ ಮಾಡಿಸಿದರು. ಮೂರೂ ಒಂದೇ ಅಚ್ಚು.

ವಕೀಲರು ಕೊನೆಯ ಕಲ್ಲು ಎಸೆದರು. "ಇವರು ಅಭ್ಯರ್ಥಿಯ ಸ್ವಂತ ನಾದಿನಿ. ಮನೆಯವರ ಪ್ರೀತಿಗೆ ಕಟ್ಟುಬಿದ್ದು ಹೀಗೆ ಹೇಳ್ತಿದಾರೆ."

"ಪ್ರೀತಿ?" ಇಸ್ತ್ರಿ ಅಕ್ಕ ಅತ್ತಿಗೆಯ ಕಡೆ ತಿರುಗಿದಳು. "ನೀನೇ ಹೇಳು, ಇದೆಯಾ?"

"ಎಳ್ಳಷ್ಟೂ ಇಲ್ಲ," ಎಂದಳು ಅತ್ತಿಗೆ.

ಆರು ವರ್ಷದಲ್ಲಿ ಅವರಿಬ್ಬರು ಒಮ್ಮತದಿಂದ ಆಡಿದ ಮೊದಲ ಮಾತು ಅದು. ಅಧಿಕಾರಿ ತುಟಿ ಕಚ್ಚಿಕೊಂಡು ನಾಮಪತ್ರದ ಮೇಲೆ ಬರೆದರು: ಅಂಗೀಕರಿಸಲಾಗಿದೆ.

ಹೊರಗೆ ಬರುವಷ್ಟರಲ್ಲಿ ಫೋನಿನಲ್ಲಿ ಮೇಸ್ತ್ರಿಯ ಸಂದೇಶ ಬಂದಿತ್ತು: ನಾಳೆಯಿಂದ ಬರಬೇಡ. ಓದಿ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅತ್ತಿಗೆ ಮೆಟ್ಟಿಲಿಳಿದು ಹಿಂದೆಯೇ ಬಂದಳು.

"ಕೆಲಸ ಹೋಯ್ತಾ?"

"ಹೋಯ್ತು."

"ನನಗೋಸ್ಕರ ಇಷ್ಟೆಲ್ಲಾ..." ಅತ್ತಿಗೆ ಕಡತವನ್ನು ಕಂಕುಳಿಗೆ ಸರಿಸಿದಳು. "ನಿನ್ನ ವೋಟನ್ನ ನಾನು ಯಾವತ್ತೂ ಮರೆಯಲ್ಲ."

"ವೋಟು ಹಾಕ್ತೀನಿ ಅಂತ ನಾನೆಲ್ಲಿ ಅಂದೆ?" ಎಂದಳು ಇಸ್ತ್ರಿ ಅಕ್ಕ. "ಸಾಹೇಬರ ಎದುರಿಗೆ ಇನ್ನೊಂದು ಹೆಸರಿರಲಿ ಅಂತ ಸಹಿ ಹಾಕಿದೆ, ಅಷ್ಟೇ. ಹತ್ತು ವರ್ಷದಿಂದ ನನ್ನ ವೋಟು ಕೇಳೋಕೆ ಒಬ್ಬರೂ ಬಂದಿಲ್ಲ. ನೀನು ಎಲ್ಲರ ಥರ ಮನೆಗೆ ಬಾ, ಬಾಗಿಲಲ್ಲಿ ನಿಂತು ಕೇಳು. ನಾನು ಯೋಚನೆ ಮಾಡಿ ಹೇಳ್ತೀನಿ."