ನಿಂತ ಟ್ರ್ಯಾಕ್ಟರಿನ ಹಿಂದೆ

ಜಿಯಾವುಲ್ಲಾನ ಟ್ರ್ಯಾಕ್ಟರಿಗೆ ಒಂದು ಕೆಟ್ಟ ಗುಣವಿತ್ತು. ಹಿಂದೆ ಮಣ್ಣು ಬಗೆಯುವ ರೋಟವೇಟರ್ ಕಟ್ಟಿ ಉಳುವಾಗ ಕ್ಲಚ್ ಒತ್ತಿದರೂ ಅದು ತಟ್ಟನೆ ನಿಲ್ಲುತ್ತಿರಲಿಲ್ಲ. ಹಳೆಯ ಗಾಡಿ, ಚಕ್ರಗಳಿಗೂ ಹಿಂದಿನ ಬ್ಲೇಡುಗಳಿಗೂ ಸೇರಿ ಒಂದೇ ಕ್ಲಚ್ಚು. ಎಂಜಿನ್ನಿನ ಹಿಡಿತ ತಪ್ಪಿದರೂ ವೇಗವಾಗಿ ಸುತ್ತುತ್ತಿದ್ದ ಬ್ಲೇಡುಗಳ ಭಾರವೇ ಶಾಫ್ಟಿನ ಮೂಲಕ ಚಕ್ರಗಳನ್ನು ಮುಂದಕ್ಕೆ ನೂಕುತ್ತಿತ್ತು. ಬ್ರೇಕನ್ನು ಬಲವಾಗಿ ತುಳಿದು ಚಕ್ರ ನಿಲ್ಲಿಸಿದರೆ ಬ್ಲೇಡೂ ಅದರ ಜೊತೆಗೇ ನಿಲ್ಲುತ್ತಿತ್ತು. ಒಂದು ಓಡಿದರೆ ಇನ್ನೊಂದು ಓಡುತ್ತಿತ್ತು, ಒಂದು ನಿಂತರೆ ಇನ್ನೊಂದು ನಿಲ್ಲುತ್ತಿತ್ತು.

ಜಿಯಾವುಲ್ಲಾನ ಕಾಲು ಗಟ್ಟಿಯಿದ್ದಾಗ ಇದೊಂದು ವಿಷಯವೇ ಆಗಿರಲಿಲ್ಲ. ಈಗ ಸಕ್ಕರೆ ಕಾಯಿಲೆ ಅವನ ಪಾದಗಳ ಸ್ಪರ್ಶವನ್ನು ತಿಂದುಹಾಕಿತ್ತು. ಚಪ್ಪಲಿ ಕಳಚಿಕೊಂಡರೂ ತಿಳಿಯದೆ ನಡೆದು ಹೋಗುತ್ತಿದ್ದ. ಹೋದ ವರ್ಷ ಸಾಲಿನ ಕೊನೆಯಲ್ಲಿ ಬ್ರೇಕ್ ತುಳಿದೆನೆಂದುಕೊಂಡು ಪಕ್ಕದ ಕಬ್ಬಿಣದ ಹಲಗೆಯನ್ನು ತುಳಿದಿದ್ದ. ಟ್ರ್ಯಾಕ್ಟರ್ ಕಾಂಪೌಂಡ್ ಗೋಡೆಯೊಳಗೆ ಮೂತಿ ತೂರಿಸಿ ನಿಂತಿತು. ಗೋಡೆಯ ಆಚೆ ಜನ ಓಡಾಡುವ ದಾರಿ. ಪುಣ್ಯಕ್ಕೆ ಆ ಹೊತ್ತಿನಲ್ಲಿ ಅಲ್ಲಿ ಯಾರೂ ನಡೆಯುತ್ತಿರಲಿಲ್ಲ. ಆದರೆ ಅವನ ಹೆಂಡತಿ ಜಹನಾರಾಳ ಕನಸಿನಲ್ಲಿ ವರ್ಷವಿಡೀ ಯಾರಾದರೊಬ್ಬರು ಅಲ್ಲಿ ನಡೆಯುತ್ತಲೇ ಇದ್ದರು.

ಹೊಲ ಇದ್ದದ್ದು ದೊಡ್ಡನೆಕ್ಕುಂದಿಯಲ್ಲಿ. ಒಂದು ಕಡೆ ಕಾರ್ಖಾನೆಯ ಶೆಡ್ಡು, ಇನ್ನೊಂದು ಕಡೆ ಅಪಾರ್ಟ್‌ಮೆಂಟಿನ ಬೆನ್ನು, ನಡುವೆ ಉಳಿದ ತುಂಡು ನೆಲ. ಜಿಯಾವುಲ್ಲಾನ ಅಪ್ಪ ಎಂದೋ ಕೊಂಡಿದ್ದು. ಸುರಪುರದ ಕಡೆಯಿಂದ ಬಂದ ಭಗವಂತರಾಯ, ಸುಭದ್ರಮ್ಮ ಗಂಡಹೆಂಡತಿ ಅಲ್ಲಿ ದಂಟು, ಮೆಂತ್ಯ, ಕೊತ್ತಂಬರಿ ಬೆಳೆಯುತ್ತಿದ್ದರು. ಸುಭದ್ರಮ್ಮ ಅದನ್ನು ಟಿನ್ ಫ್ಯಾಕ್ಟರಿಯ ಬಸ್ ಸ್ಟಾಪಿನ ಹತ್ತಿರ ಮಾರುತ್ತಿದ್ದಳು. ಉಳುವುದಕ್ಕೆ ಮಾತ್ರ ರಿಚರ್ಡ್ಸ್ ಟೌನಿನಿಂದ ಜಿಯಾವುಲ್ಲಾನೇ ಬರಬೇಕು. ಬಾಡಿಗೆಗೆ ಬೇರೆ ರೋಟವೇಟರ್ ಸಿಗುವಂತಿರಲಿಲ್ಲ. ಆ ಸುತ್ತಿನ ಟ್ರ್ಯಾಕ್ಟರುಗಳೆಲ್ಲ ನೀರಿನ ಟ್ಯಾಂಕರ್ ಎಳೆಯುತ್ತಿದ್ದವು. ಸಿಕ್ಕಿದ್ದರೂ ಅವನು ಕರೆಯುತ್ತಿದ್ದನೋ ಇಲ್ಲವೋ. ಶಿವಾಜಿನಗರದ ಬಿಡಿಭಾಗಗಳ ಅಂಗಡಿಯನ್ನು ಮಗ ಆಸಿಮ್‌ಗೆ ಒಪ್ಪಿಸಿದ ಮೇಲೆ ಅವನು ತನ್ನ ಕೈಯಾರೆ ಮಾಡುತ್ತಿದ್ದ ಕೆಲಸ ಅದೊಂದೇ. ಬೇಡವೆಂದು ಹೇಳುವ ಧೈರ್ಯ ಜಹನಾರಾಳಿಗೆ ಇರಲಿಲ್ಲ. ಅವಳು ಬಯಸಿದ್ದು ಇಷ್ಟೇ: ಈ ಸಲವೂ ಉಳುಮೆ ಮುಗಿಯಲಿ, ಅವನ ಕಾಲಿನ ದೆಸೆಯಿಂದ ಯಾರಿಗೂ ಏನೂ ಆಗದಿರಲಿ.

ಉಳುಮೆಯ ಹಿಂದಿನ ಸಂಜೆ ಆಸಿಮ್ ಅಂಗಡಿಯಿಂದ ಬರುವಾಗ ಗುಂಡನೆಯ ಭಾರವಾದ ಒಂದು ಬಿಡಿಭಾಗ ತಂದು ಊಟದ ಮೇಜಿನ ಮೇಲೇ ಇಟ್ಟ.

"ಅಮ್ಮೀ, ಇನ್ನು ನಿಮ್ಮ ಗೋಡೆಗೆ ಭಯ ಇಲ್ಲ," ಎಂದ.

"ಅದನ್ನ ಊಟದ ದಸ್ತರ್‌ಖಾನಿನಿಂದ ಎತ್ತು ಮೊದಲು. ಗ್ರೀಸು."

"ಕೇಳಿ ಮೊದ್ಲು. ಗಾಡಿಗೂ ಶಾಫ್ಟಿಗೂ ಮಧ್ಯೆ ಇದನ್ನ ಹಾಕ್ತೀನಿ. ಸೈಕಲ್ಲಿನ ಫ್ರೀ ವೀಲ್ ಇದ್ದ ಹಾಗೆ. ಪೆಡಲ್ ನಿಲ್ಸಿದ್ರೂ ಚಕ್ರ ತನ್ನ ಪಾಡಿಗೆ ತಿರುಗುತ್ತಲ್ಲ, ಹಾಗೇ ಬ್ಲೇಡು ತನ್ನ ಪಾಡಿಗೆ ತಿರುಗುತ್ತೆ. ಗಾಡೀನ ತಳ್ಳೋದಿಲ್ಲ. ಅಬ್ಬಾ ಕ್ಲಚ್ ಒತ್ತಿದ್ರೆ ಸಾಕು, ಮಣ್ಣಲ್ಲಿ ತಾನೇ ನಿಂತ್ಬಿಡುತ್ತೆ."

ಜಿಯಾವುಲ್ಲಾ ಅದನ್ನು ಕೈಗೆತ್ತಿಕೊಂಡು ಒಂದು ದಿಕ್ಕಿಗೆ ತಿರುಗಿಸಿದ. ಟಕಟಕ ಸದ್ದು. ಇನ್ನೊಂದು ದಿಕ್ಕಿಗೆ ತಿರುಗಲಿಲ್ಲ. ಅವನ ಮುಖದಲ್ಲಿ ಸಂತೋಷ ಕಂಡಿತು.

"ಒಂದು ನೆನಪಿರ್ಲಿ ಅಬ್ಬಾ. ಗಾಡಿ ನಿಂತ್ಮೇಲೂ ಬ್ಲೇಡು ಸ್ವಲ್ಪ ಹೊತ್ತು ತಿರುಗ್ತಿರುತ್ತೆ."

"ತಿರುಗ್ಲಿ ಬಿಡು. ನಾನು ಮೇಲೆ ಕೂತಿರೋನು, ನನಗೇನು?"

ಜಹನಾರಾ ನಕ್ಕಳು. ಬೇರೆ ದಿನವಾಗಿದ್ದರೆ 'ಸ್ವಲ್ಪ ಹೊತ್ತು ಅಂದರೆ ಎಷ್ಟು ಹೊತ್ತು' ಎಂದು ಕೇಳದೆ ಬಿಡುತ್ತಿರಲಿಲ್ಲ. ಮನೆಯಲ್ಲಿ ಎಲ್ಲರ ಮಾತಿನಲ್ಲೂ ಅಪಾಯ ಹುಡುಕುವವಳು ಅವಳೇ ಎಂದು ಮಗ ಸೊಸೆ ಹಾಸ್ಯ ಮಾಡುತ್ತಿದ್ದರು. ಆದರೆ ಅಂದು ಗೋಡೆಯ ಭಯ ಹೋಗಿತ್ತು. ಆ ನೆಮ್ಮದಿಯಲ್ಲಿ ಅವಳು ಗಂಡನ ತಟ್ಟೆಗೆ ಇನ್ನೊಂದು ಸೌಟು ದಾಲ್ಚಾ ಬಡಿಸಿದಳು.

ಬೆಳಿಗ್ಗೆ ಆಸಿಮ್ ಹೊಲಕ್ಕೆ ಬಂದು ಅದನ್ನು ಜೋಡಿಸಿ, ಮೇಲೆ ತಗಡಿನ ಕವಚ ಹಾಕಿ, ಅಂಗಡಿ ತೆರೆಯುವ ಹೊತ್ತಾಯಿತೆಂದು ಹೊರಟುಹೋದ. ಭಗವಂತರಾಯ ಆಗ ಕಾಲುವೆಯ ಹತ್ತಿರ ಪೈಪು ಸುತ್ತುತ್ತಿದ್ದ. ಅವನು ಬರುವ ಹೊತ್ತಿಗೆ ಟ್ರ್ಯಾಕ್ಟರ್ ಎಂದಿನಂತೆಯೇ ಕಾಣುತ್ತಿತ್ತು.

"ಅಮ್ಮಾರ ಬಂದಾರ," ಎಂದ ಅವನು, ಗೋಡೆಯ ಪಕ್ಕದಲ್ಲಿ ನಿಂತಿದ್ದ ಜಹನಾರಾಳನ್ನು ನೋಡಿ. "ಇವತ್ತ ಗಾಡಿ ಹೆದರಿ ತಾನ ನಿಂದರ್ತದ ನೋಡ್ರಿ ಸಾಹೇಬ್ರ."

"ನಮ್ಮ ಮನೆ ಟ್ರಾಫಿಕ್ ಪೊಲೀಸ್ ಅವಳು," ಎಂದ ಜಿಯಾವುಲ್ಲಾ. "ಲೈಸೆನ್ಸ್ ತೋರಿಸು ರಾಯಾ."

"ನಗಿ. ಇಬ್ಬರೂ ನಗಿ," ಎಂದಳು ಜಹನಾರಾ. "ಅಲ್ಲಿ ಹುಲ್ಲಲ್ಲಿ ಹಾವು ಇರುತ್ತೆ ಭಗವಂತರಾಯ, ಬರಿಗಾಲಲ್ಲಿ ಹೋಗಬೇಡ."

"ಹಾವಿಗೂ ನೀವು ಬರೂದು ಗೊತ್ತಾಗಿ ನಿನ್ನೇನ ಊರ ಬಿಟ್ಟದ್ರಿ."

ಸುಭದ್ರಮ್ಮ ಸೊಪ್ಪಿನ ಕಂತೆ ಕಟ್ಟುತ್ತಾ ಸೆರಗು ಬಾಯಿಗೊತ್ತಿ ನಕ್ಕಳು.

ಉಳುಮೆ ಶುರುವಾಯಿತು. ಪಟ್ಟಣದ ನೆಲದಲ್ಲಿ ಮಣ್ಣಿನಷ್ಟೇ ಪ್ಲಾಸ್ಟಿಕ್ಕು. ಗೋಡೆಯಾಚೆಯಿಂದ ಜನ ಎಸೆದ ಕವರು, ಹಳೆಯ ಸೀರೆಯ ಚೂರು, ಹಗ್ಗ ಎಲ್ಲವೂ ಬ್ಲೇಡುಗಳಿಗೆ ಸುತ್ತಿಕೊಳ್ಳುತ್ತಿದ್ದವು. ಆದ್ದರಿಂದ ಭಗವಂತರಾಯ ಕುಡುಗೋಲು ಹಿಡಿದು ಹಿಂದೆಯೇ ನಡೆಯುತ್ತಿದ್ದ. ಸಾಲಿನ ಕೊನೆಗೆ ಬಂದಾಗ ಜಿಯಾವುಲ್ಲಾ ರೋಟವೇಟರನ್ನು ನೆಲದಿಂದ ಮೇಲೆತ್ತಿ ಗಾಡಿ ನಿಲ್ಲಿಸಬೇಕು. ಭಗವಂತರಾಯ ಹಿಂದಿನ ತಗಡಿನ ಮುಚ್ಚಳವನ್ನು ಒಂದು ಕೈಯಲ್ಲಿ ಎತ್ತಿ, ಇನ್ನೊಂದು ಕೈಯನ್ನು ಒಳಗೆ ಹಾಕಿ, ಸುತ್ತಿಕೊಂಡದ್ದನ್ನು ಕೊಯ್ದು ತೆಗೆಯಬೇಕು. ಎಂಜಿನ್ ಆರಿಸುವಂತಿರಲಿಲ್ಲ, ಬ್ಯಾಟರಿ ಸೋತ ಗಾಡಿ, ಆರಿದರೆ ಮತ್ತೆ ಹತ್ತಿಸಲು ಇಳಿಜಾರಿನವರೆಗೆ ತಳ್ಳಬೇಕು. ವರ್ಷಗಳಿಂದ ಅವರು ಹೀಗೇ ಮಾಡುತ್ತಿದ್ದರು. ಇದನ್ನು ಕಲಿಸಿದವನು ಜಿಯಾವುಲ್ಲಾನೇ. ಗಾಡಿ ನಿಂತರೆ ಬ್ಲೇಡು ನಿಂತ ಹಾಗೆ, ಗಾಡಿಯ ಚಕ್ರ ನೋಡು, ಬೇರೇನೂ ನೋಡಬೇಡ ಎಂದು ಹೇಳಿಕೊಟ್ಟಿದ್ದ.

ಟ್ರ್ಯಾಕ್ಟರ್ ಮೊದಲ ಸಾಲು ಮುಗಿಸುತ್ತಾ ಗೋಡೆಯ ಕಡೆ ಬಂತು. ಜಹನಾರಾ ಮುಂದಿನ ಚಕ್ರವನ್ನೇ ದಿಟ್ಟಿಸಿದಳು. ಅವಳ ಪಾದ ಚಪ್ಪಲಿಯೊಳಗೆ ತಾನಾಗಿ ನೆಲವನ್ನು ಒತ್ತಿತು. ರೋಟವೇಟರ್ ಮೇಲೆದ್ದಿತು. ಗಾಡಿ ತೂಕಡಿಸಿದವರಂತೆ ಒಮ್ಮೆ ಮುಗ್ಗರಿಸಿ, ಗೋಡೆಗೆ ಇನ್ನೂ ದೂರವಿರುವಾಗಲೇ, ಸಾಧುವಾಗಿ ನಿಂತುಬಿಟ್ಟಿತು.

"ನೋಡಿದ್ಯಾ!" ಎಂದು ಕೂಗಿದ ಜಿಯಾವುಲ್ಲಾ ಮೇಲಿನಿಂದ.

ಅವಳು ಮಗುವಿನಂತೆ ಚಪ್ಪಾಳೆ ತಟ್ಟಿದಳು. ಅದೇ ಕ್ಷಣ ಟ್ರ್ಯಾಕ್ಟರಿನ ಹಿಂದಿನಿಂದ ಒಂದು ಕೂಗು ಬಂತು. ಎಂಜಿನ್ನಿನ ಸದ್ದಿನ ಮೇಲೆ ಅದು ಚಿಕ್ಕದಾಗಿ, ಯಾರನ್ನೋ ಕರೆದ ಹಾಗೆ ಕೇಳಿಸಿತು. ಕಂತೆ ಬಿಸಾಕಿ ಓಡಿದವಳು ಸುಭದ್ರಮ್ಮ. ಜಹನಾರಾಳ ಕೈಗಳು ಇನ್ನೂ ಚಪ್ಪಾಳೆಯ ಭಂಗಿಯಲ್ಲಿ ಎದೆಯ ಮುಂದೆಯೇ ಇದ್ದವು.

ಭಗವಂತರಾಯನ ಬಲಗೈಯಲ್ಲಿ ಡಾಕ್ಟರಿಗೆ ಉಳಿಸಲಾದದ್ದು ಹೆಬ್ಬೆರಳು ಮಾತ್ರ.

ಆಸ್ಪತ್ರೆಯಲ್ಲಿ ಅವನು ಎಲ್ಲರಿಗೂ ಒಂದೇ ಮಾತು ಹೇಳಿದ. "ನಂದ ತಪ್ಪ್ರಿ. ಗಡಿಬಿಡಿ ಮಾಡಿ ಕೈ ಹಾಕಿಬಿಟ್ಟೆ." ನರ್ಸಿಗೆ ಹೇಳಿದ, ಪೊಲೀಸಿಗೆ ಹೇಳಿದ, ನೋಡಲು ಬಂದ ಊರವರಿಗೂ ಹೇಳಿದ. ಆಸಿಮ್ ಅವನ ಮಂಚದ ಬಳಿ ನಿಂತು ತಲೆ ತಗ್ಗಿಸಿಕೊಂಡು ಕೇಳಿದ, ಇಲ್ಲವೆನ್ನಲಿಲ್ಲ. ಹೊರಗೆ ಬಂದಾಗ ಜಹನಾರಾ ಮಗನ ತೋಳು ಹಿಡಿದಳು.

"ಅವನಿಗೆ ನೀನು ಹೇಳಿರಲಿಲ್ವಾ?"

"ಅಬ್ಬಾಗೆ ಹೇಳಿದ್ನಲ್ಲ ಅಮ್ಮೀ. ನೀವೂ ಅಲ್ಲೇ ಇದ್ರಿ."

"ಅಬ್ಬಾ ಹಿಂದೆ ಕೈ ಹಾಕೋರಲ್ಲ ಆಸಿಮ್."

ಆಸಿಮ್ ತೋಳು ಬಿಡಿಸಿಕೊಂಡ. ಕಣ್ಣು ಕೆಂಪಗಾಗಿತ್ತು. "ಅವರನ್ನ ಕೊನೇವರೆಗೂ ನೋಡ್ಕೊಳ್ಳೋದು ನಮ್ಮ ಜವಾಬ್ದಾರಿ. ನಾನು ಬಿಡೋದಿಲ್ಲ. ಆದ್ರೆ ಅವರೇ ತಮ್ಮ ತಪ್ಪು ಅಂತಿದ್ದಾರೆ. ಈಗ ಹೋಗಿ ಇದನ್ನ ಹೇಳಿದ್ರೆ ಯಾರಿಗೆ ಏನು ಸಿಗುತ್ತೆ? ಅಬ್ಬಾನ ನೋಡಿ. ಅವರು ತಡ್ಕೊಳ್ತಾರಾ?"

ಜಿಯಾವುಲ್ಲಾ ಕಾರಿನಿಂದ ಇಳಿದೇ ಇರಲಿಲ್ಲ. ಮನೆಯಲ್ಲಿ ನಮಾಜಿಗೆ ಕುರ್ಚಿಯ ಮೇಲೆ ಕುಳಿತವನು ನಮಾಜು ಮುಗಿದ ಮೇಲೂ ಅಲ್ಲೇ ಕುಳಿತಿದ್ದ. ಜಹನಾರಾ ಚಹಾ ತಂದಿಟ್ಟಾಗ ಒಂದೇ ಸಲ ಬಾಯಿ ಬಿಟ್ಟ.

"ಚಕ್ರ ನೋಡು ಅಂತ ಹೇಳಿಕೊಟ್ಟಿದ್ದೆ. ಅವನು ಚಕ್ರ ನೋಡಿದ."

ಮರುದಿನ ಬೆಳಿಗ್ಗೆ ಜಹನಾರಾ ಒಬ್ಬಳೇ ಆಟೋ ಹಿಡಿದು ಆಸ್ಪತ್ರೆಗೆ ಹೋದಳು. ಸುಭದ್ರಮ್ಮ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತು, ಯಾರೋ ತಂದುಕೊಟ್ಟ ರೊಟ್ಟಿಯನ್ನು ಮುರಿದು ಹಾಲಿನಲ್ಲಿ ನೆನೆಸುತ್ತಿದ್ದಳು. ಗಂಡನಿಗೆ ತಾನೇ ತಿನ್ನಿಸಬೇಕು.

"ನಿದ್ದೆ ಮಾಡಿದನಾ?" ಎಂದು ಕೇಳಿದಳು ಜಹನಾರಾ.

"ಎಲ್ಲೀ ನಿದ್ದಿ. ರಾತ್ರೆಲ್ಲ ತನಗ ತಾನ ಬಯ್ಕೊಂತ ಕುಂತಾನ್ರಿ. ಇಷ್ಟ ವರ್ಷ ಮಾಡಿದ ಕೆಲಸ ಹೆಂಗ ತಪ್ಪಿತು ಅಂತಾನ. ನನ್ನ ಕಣ್ಣ ಹೋದುವೇನು, ನನ್ನ ತಲಿ ಕೆಟ್ಟದೇನು, ಗಾಡಿ ಓಡಾಕತ್ತಿದ್ದು ನನಗ ನಿಂತಂಗ ಕಂಡಿತೇನು ಅಂತ ಕೇಳ್ತಾನ. ನಾ ಏನ್ ಹೇಳ್ಲಿ?"

ಜಹನಾರಾ ಅವಳ ಪಕ್ಕದಲ್ಲಿ ಕುಳಿತಳು. ಆಟೋದಲ್ಲಿ ಬರುವಾಗ ಮಾತುಗಳನ್ನು ಜೋಡಿಸಿಕೊಂಡಿದ್ದಳು, ಯಾವುದು ಮೊದಲು, ಯಾವುದು ಆಮೇಲೆ ಎಂದು. ಈಗ ಒಂದೂ ಇದ್ದ ಜಾಗದಲ್ಲಿರಲಿಲ್ಲ.

"ಗಾಡಿ ನಿಂತೇ ಇತ್ತು ಸುಭದ್ರಮ್ಮ. ಅವನು ಸರಿಯಾಗೇ ನೋಡಿದ್ದ," ಎಂದಳು. "ನಾವು ಅದಕ್ಕೊಂದು ಹೊಸ ಸಾಮಾನು ಹಾಕ್ಸಿದ್ವಿ. ಗಾಡಿ ಗೋಡೆಗೆ ಗುದ್ದಬಾರದು ಅಂತ. ಅದನ್ನ ಹಾಕಿದ್ಮೇಲೆ ಗಾಡಿ ನಿಂತ್ರೂ ಬ್ಲೇಡು ತಿರುಗ್ತಾನೇ ಇರುತ್ತೆ. ಭಗವಂತರಾಯನಿಗೆ ಅದು ಗೊತ್ತಿರಲಿಲ್ಲ."

ಸುಭದ್ರಮ್ಮನ ಕೈ ರೊಟ್ಟಿಯ ಮೇಲೆ ನಿಂತಿತು.

"ಅಂವಗ ಯಾರೂ ಹೇಳ್ಲಿಲ್ಲೇನು?"

"ಇಲ್ಲ."

"ನಿಮಗ ಗೊತ್ತಿತ್ತು."

"ಊಟ ಬಡಿಸುವಾಗ ಕೇಳಿಸ್ಕೊಂಡಿದ್ದೆ."

ಸುಭದ್ರಮ್ಮ ಅವಳನ್ನು ನೇರವಾಗಿ ನೋಡಿದಳು. ಅವಳ ದನಿ ಏರಲಿಲ್ಲ. "ಎಲ್ಲಾಕ್ಕೂ ಹೆದರ್ತೀರಿ ನೀವು. ಹಾವು ಅಂತೀರಿ, ಕರೆಂಟಿನ ತಂತಿ ಅಂತೀರಿ, ನನ್ನ ಸೆರಗ ಸಿಕ್ಕೀತು ಅಂತೀರಿ. ನಾವು ನಕ್ಕೇವು, ಖರೆ, ಆದ್ರ ಎಲ್ಲಾ ಕೇಳೀವಿ. ಇದೊಂದ ಹೇಳ್ಲಿಲ್ಲ ನೀವು."

ಕ್ಷಮಿಸು ಎಂಬ ಮಾತು ಜಹನಾರಾಳ ನಾಲಿಗೆಯವರೆಗೆ ಬಂತು. ಅದನ್ನು ಆಡಿದರೆ ಸುಭದ್ರಮ್ಮ ಏನಾದರೂ ಉತ್ತರ ಕೊಡಲೇಬೇಕಾಗುತ್ತದೆ ಎನ್ನಿಸಿ ಸುಮ್ಮನಾದಳು.

"ನನಗ ಹೇಳಿದ್ರ ಏನ್ ಬಂತ್ರಿ," ಎಂದು ಎದ್ದಳು ಸುಭದ್ರಮ್ಮ. "ಅಂವಗ ಹೇಳ್ರಿ ನಡೀರಿ. ಇನ್ನೊಂದ ರಾತ್ರಿ ಹಂಗ ಬಯ್ಕೊಂತ ಕುಂದ್ರಬಾರ್ದು ಅಂವ."

ಭಗವಂತರಾಯ ದಿಂಬಿಗೆ ಒರಗಿ ಕುಳಿತಿದ್ದ. ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡಿದ್ದವನು ಜಹನಾರಾಳನ್ನು ಕಂಡು ಏಳಲು ನೋಡಿದ. ಅವಳು ಬೇಡವೆಂದಳು. ಈ ಸಲ ಮಾತುಗಳನ್ನು ಜೋಡಿಸಲು ಹೋಗಲಿಲ್ಲ. ಆಸಿಮ್ ತಂದದ್ದು, ಅದರ ಕೆಲಸ, ಮೇಜಿನ ಮುಂದೆ ಅವನು ಹೇಳಿದ್ದು, ಎಲ್ಲವನ್ನೂ ನಡೆದ ಹಾಗೆಯೇ ಹೇಳಿದಳು. ಅವನು ಕಣ್ಣು ಮಿಟುಕಿಸದೆ ಕೇಳಿದ.

"ಹಂಗಾರ ಗಾಡಿ ನಿಂತಿತ್ರಿ," ಎಂದ.

"ನಿಂತಿತ್ತು."

"ನಾ ನಿಂತಿದ್ದ ನೋಡೇ ಕೈ ಹಾಕೀನಿ."

"ಹೌದು."

ಅವನು ಹೆಂಡತಿಯ ಕಡೆ ತಿರುಗಿದ. "ಕೇಳಿದೇನ? ನನ್ನ ಕಣ್ಣ ಸರಿ ಅದಾವ," ಎಂದ. ಅವನ ಮುಖ ಒಂದು ಗಳಿಗೆ ಹಗುರಾಯಿತು, ಕಳೆದದ್ದು ಸಿಕ್ಕವನ ಹಾಗೆ. ಆಮೇಲೆ ಅವನು ಮತ್ತೆ ಬಟ್ಟೆ ಸುತ್ತಿದ ಕೈಯನ್ನು ನೋಡಿಕೊಂಡ. ನೋಡುತ್ತಲೇ ಇದ್ದ.

"ಸಾಹೇಬ್ರಿಗೂ ಗೊತ್ತಿತ್ತೇನ್ರಿ ಅಮ್ಮಾರ?"

ಇದನ್ನು ಅವನು ಕೇಳಬಾರದೆಂದು ಅವಳು ದಾರಿಯುದ್ದಕ್ಕೂ ಬೇಡಿಕೊಂಡಿದ್ದಳು. ಮೇಲೆ ಕೂತಿರೋನು ನನಗೇನು ಎಂದು ನಕ್ಕ ಗಂಡನ ಮುಖ ಕಣ್ಣ ಮುಂದೆ ಬಂತು. ಅವರಿಗೆ ನೆನಪಾಗಲಿಲ್ಲ ಎನ್ನಬಹುದಿತ್ತು. ಅದೂ ಸುಳ್ಳೇನಲ್ಲ.

"ಗೊತ್ತಿತ್ತು," ಎಂದಳು.

ಭಗವಂತರಾಯ ತಲೆಯಾಡಿಸಿದ, ಏನನ್ನೋ ಒಪ್ಪಿಕೊಂಡಂತೆ. ನಿಧಾನವಾಗಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಸುಭದ್ರಮ್ಮ ಹಾಲಿನ ಬಟ್ಟಲನ್ನು ಕೆಳಗಿಟ್ಟು ಮಂಚದ ಸುತ್ತಲಿನ ಹಸಿರು ಪರದೆಯನ್ನು ಎಳೆಯತೊಡಗಿದಳು.

"ನೀವೀಗ ಹೊರಗ ನಡೀರಿ ಅಮ್ಮಾರ," ಎಂದಳು. "ಮಂದಿ ಮುಂದ ಅಳಂಗಿಲ್ಲ ಅಂವ."

ಜಹನಾರಾ ಹೊರಗೆ ಬಂದು ಬಾಗಿಲಿನ ಪಕ್ಕ ನಿಂತಳು. ಮೊದಲು ಒಳಗಿನಿಂದ ಏನೂ ಕೇಳಿಸಲಿಲ್ಲ. ಆಮೇಲೆ ಕೇಳಿಸಿತು.