ಹತ್ತರ ತೂತು

ಟಿಕ್.

ಅಷ್ಟೇ ಸದ್ದು. ಗೋಡೆಯೊಳಗೆ ಯಾರೋ ಕೂತು ಉಗುರಿನಿಂದ ಉಗುರು ಚಿಮ್ಮಿದ ಹಾಗೆ. ರಾತ್ರಿ ಎರಡು ಗಂಟೆಯಿರಬೇಕು. ಬೀದಿಯ ದೀಪಗಳೂ ತೂಕಡಿಸುವ ಹೊತ್ತು. ಹಾಸಿಗೆಯಲ್ಲಿ ಮಗಳು ಕಣ್ಣು ಬಿಟ್ಟಳು.

ಅಮ್ಮ ಬಚ್ಚಲಿಗೆ ಹೊರಟಿದ್ದಳು. ಸೊಂಟದ ಮೂಳೆ ಮುರಿದು ಕೂಡಿದ ಮೇಲೆ ಈಗ ನಾಲ್ಕು ದಿನದಿಂದ ಒಬ್ಬಳೇ ಓಡಾಡುತ್ತಾಳೆ, ಗೋಡೆಗೆ ಅಪ್ಪ ಕೂರಿಸಿಕೊಟ್ಟ ಉಕ್ಕಿನ ಕಂಬಿ ಹಿಡಿದುಕೊಂಡು. ಟಿಕ್ ಅಂದದ್ದು ಆ ಕಂಬಿಯ ಬುಡ.

"ಅಮ್ಮಾ, ನಿಲ್ಲು. ನನ್ನ ಹೆಗಲು ಹಿಡ್ಕೋ."

"ಕಂಬಿ ಇದ್ಯಲ್ಲೇ. ನಿಮ್ಮಪ್ಪನಿಗಿಂತ ನೆಟ್ಟಗೆ ನಿಂತಿದೆ."

"ನಂಗೂ ಎಚ್ಚರ ಆಯ್ತು. ಬಾ."

ಅಮ್ಮನನ್ನು ಮತ್ತೆ ಮಲಗಿಸಿ ಬಂದು ಟಾರ್ಚ್ ಹಿಡಿದಳು. ಕಂಬಿಯನ್ನು ಮೆಲ್ಲಗೆ ಒತ್ತಿದರೆ ಕೆಳಗಿನ ತಿರುಪು ಕೂದಲೆಳೆಯಷ್ಟು ಹೊರಳಿತು. ಬುಡದಿಂದ ಕೆಂಪು ಪುಡಿ ಉದುರಿ, ಬೆಳಕಿನ ಕೋಲಿನಲ್ಲಿ ಅವಸರವೇ ಇಲ್ಲದೆ ತೇಲಿತು. ನೆಲ ಮುಟ್ಟುವುದನ್ನು ಮರೆತೇ ಬಿಟ್ಟಿತೇನೋ ಅನ್ನಿಸುವಷ್ಟು ನಿಧಾನ. ಇನ್ನೊಂದು ಸಲ ಎಳೆದಳು. ತಿರುಪು, ಅದರ ಸುತ್ತಲಿನ ಪ್ಲಾಸ್ಟಿಕ್ ಪ್ಲಗ್ಗು, ಎರಡೂ ಸಡಿಲವಾದ ಹಾಲುಹಲ್ಲಿನಂತೆ ಕೈಗೆ ಬಂದವು.

ತೂತಿಗೆ ಕಿರುಬೆರಳಿಟ್ಟಳು. ಅವಳ ಬೆರಳು ಅರ್ಧ ಉಗುರಿಗೆ ನಿಂತರೆ ಹತ್ತು ಎಂ.ಎಂ.; ತೂತು ಇಡೀ ಉಗುರನ್ನು ನುಂಗಿದರೆ ಹದಿಮೂರು. ಅಪ್ಪನೇ ಕಲಿಸಿದ ಲೆಕ್ಕ. ಪ್ಲಗ್ಗಿಗೆ ಬೇಕಾದದ್ದು ಹತ್ತರ ತೂತು; ಗೋಡೆ ಉಗುರನ್ನು ಪೂರ್ತಿ ನುಂಗಿತು.

ಸೇತುವೆ, ನೀರಿನ ಟ್ಯಾಂಕು ಅಂತ ಮೂವತ್ತೈದು ವರ್ಷ ಕಾಂಕ್ರೀಟು ಕೊರೆದವನು ಅಪ್ಪ. "ತೂತಿಗೆ ತಕ್ಕ ಬಿಟ್, ಬಿಟ್‌ಗೆ ತಕ್ಕ ಯಂತ್ರ" ಅನ್ನುವುದು ಅವನದೇ ಮಾತು; ಬಿಟ್ ಅಂದರೆ ಡ್ರಿಲ್ಲಿನ ಬಾಯಿಗೆ ಸಿಕ್ಕಿಸುವ, ಕೊರೆಯುವ ಕಡ್ಡಿ. ಯಂತ್ರಗಳನ್ನು ಬಾಡಿಗೆಗೆ ಕೊಡುವ ತನ್ನ ಅಂಗಡಿಯಲ್ಲಿ ಮಗಳು ಆ ಮಾತಿನ ಮೇಲೇ ಬದುಕುತ್ತಾಳೆ. ತೂತು ಎಷ್ಟು, ಗೋಡೆ ಯಾವುದು ಅಂತ ಕೇಳದೆ ಯಾರಿಗೂ ಡ್ರಿಲ್ಲು ಕೊಡಳು. ಗಿರಾಕಿಗಳು ಅವಳಿಗೆ 'ಅಳತೆ ಅಕ್ಕ' ಅಂತ ಹೆಸರಿಟ್ಟಿದ್ದರು.

ಕಂಬಿ ಹಾಕುವ ದಿನ ಅವಳು ಎರಡು ಕಿಲೋದ ಚಿಕ್ಕ ಯಂತ್ರ ತಂದಿಟ್ಟಿದ್ದಳು. ಅಪ್ಪ ಅದನ್ನು ಕಾಲಲ್ಲೇ ಸರಿಸಿದ್ದ.

"ಇದು ಆಟದ ಸಾಮಾನು. ಅಂಗಡಿಯಲ್ಲಿರೋ ನನ್ನ ದೊಡ್ಡದನ್ನ ತಗೊಂಬಾ."

"ಆಹಾ, ಗುಬ್ಬಿ ಮೇಲೆ ಬ್ರಹ್ಮಾಸ್ತ್ರ! ಗೋಡೆ ಉಳಿಸಿ ಮಾರಾಯರೇ, ಪಕ್ಕದ ಮನೆಯೋರು ಸ್ನಾನ ಮಾಡ್ತಿರ್ತಾರೆ" ಅಂದಿದ್ದಳು ಅಮ್ಮ, ಮಂಚದ ಮೇಲಿಂದಲೇ.

ದೊಡ್ಡ ಯಂತ್ರದ ಬಾಯಿಗೆ ಹತ್ತರ ಬಿಟ್ ಕೂರುವುದಿಲ್ಲ. ಅಪ್ಪ ನಡುವೆ ಒಂದು ಅಡಾಪ್ಟರ್ ಸಿಕ್ಕಿಸಿದ. ಬಿಟ್ಟಿನ ತುದಿ ತೂರಾಡಿತು. ಒಳಗೆ ಪೊಳ್ಳಿರುವ ಇಟ್ಟಿಗೆ ಪುಡಿಪುಡಿಯಾಯಿತು. ಕೊನೆಗೆ ತೂತಿಗೆ ಕಿರುಬೆರಳಿಟ್ಟು ಹೇಳಿದ: "ಹತ್ತು. ಕರಾರುವಾಕ್ಕು." ಬೀಗ ಹಾಕಿದ ಬಾಗಿಲನ್ನೇ ಮೂರು ಸಲ ಎಳೆದು ನೋಡುವ ಮಗಳು ಅದೊಂದನ್ನು ಮಾತ್ರ ನೋಡಲಿಲ್ಲ. ಅಪ್ಪನ ಬೆರಳು ಹೇಳಿದ ಮೇಲೆ ಮುಗಿಯಿತು.

ಈಗ ಒಂದೊಂದೇ ನೆನಪಾಯಿತು. ಕುದಿಯುವ ಕಾಫಿಯ ಲೋಟವನ್ನು ಅಪ್ಪ ಬರಿಗೈಯಲ್ಲಿ ಹಿಡಿದೇ ಇರುತ್ತಾನೆ. ಅವನ ಅಂಗಿಯ ಗುಂಡಿಯನ್ನು ಅಮ್ಮ ಹಾಕುತ್ತಾಳೆ. ಆ ದೊಡ್ಡ ಯಂತ್ರದ ನಡುಕ ವರ್ಷವರ್ಷವೂ ಅವನ ಬೆರಳತುದಿಗಳ ಸ್ಪರ್ಶವನ್ನು ತಿಂದು ಮುಗಿಸಿತ್ತು.

ಹೀಗೇ ಬಿಟ್ಟರೆ ಅಮ್ಮ ಬೀಳುತ್ತಾಳೆ. ಹೇಳಿದರೆ ಅಪ್ಪ. ಕೆಲಸ ಬಿಟ್ಟ ಮೇಲೆ ಮೂರು ತಿಂಗಳು ಗೋಡೆಗೆ ಮುಖ ಮಾಡಿ ಕೂತಿದ್ದವನು, ಈ ಕಂಬಿ ಹಾಕಿದ ಮೇಲಷ್ಟೇ ಬೆನ್ನು ನೆಟ್ಟಗೆ ಮಾಡಿದ್ದ. ಪೇಪರಿನವನನ್ನೂ ಒಳಗೆ ಕರೆದು ಅದನ್ನು ತೋರಿಸಿದ್ದ.

ತಿರುಪನ್ನು ಹಾಗೇ ತೂರಿಸಿ, ಬೆಳಗಿನವರೆಗೆ ಅವಳು ಅಲ್ಲೇ ಗೋಡೆಗೊರಗಿ ಕೂತಳು.

ಬೆಳಿಗ್ಗೆ ಅಮ್ಮನನ್ನು ಅಪ್ಪ ಡಾಕ್ಟರ ಹತ್ತಿರ ಕರೆದೊಯ್ದ. ಬಾಗಿಲು ಮುಚ್ಚಿದ್ದೇ ತಡ, ಚಿಕ್ಕ ಯಂತ್ರ ಹೊರಬಂತು. ಕಂಬಿ ಬಿಚ್ಚಿ ನೋಡಿದರೆ ನಾಲ್ಕೂ ತೂತು ಕೆಟ್ಟಿದ್ದವು. ಹದಿನಾಲ್ಕರ ಬಿಟ್ ಹಾಕಿ, ಯಂತ್ರದ ಬಡಿತ ನಿಲ್ಲಿಸಿ, ಬರೀ ತಿರುಗುವುದಕ್ಕೆ ಬಿಟ್ಟಳು. ಯಂತ್ರ ಜೋಗುಳದಂತೆ ಗುನುಗಿತು, ಅಂಚುಗಳು ದುಂಡಗಾದವು. ಪುಡಿ ಊದಿ ತೆಗೆದು, ಪೊಳ್ಳಿನಲ್ಲಿ ಅಂಟು ಸೋರದಂತೆ ಜಾಲರಿಯ ಕೊಳವೆ ತೂರಿಸಿ, ಅಂಟು ತುಂಬಿ, ತಿರುಪಿನ ಸುತ್ತುಗಳಿರುವ ಸರಳು ನೆಟ್ಟಳು. ಇನ್ನು ಕಾಯುವುದು. ಗೋಡೆಗೆ ಕಿವಿಯಿಟ್ಟಳು. ಎಲ್ಲೋ ಕೊಳಾಯಿಯಲ್ಲಿ ನೀರು ಹತ್ತುತ್ತಿತ್ತು, ಯಾರದೋ ಮನೆಯ ಕುರ್ಚಿ ಸರಿಯಿತು, ಅವೆಲ್ಲದರ ಆಚೆ ಅವಳದೇ ರಕ್ತ ಸಮುದ್ರದಂತೆ ಮೊರೆಯಿತು. ಗೋಡೆ ನಿಧಾನವಾಗಿ ಕಲ್ಲಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕಂಬಿ ಕೂರಿಸಿ, ಎರಡೂ ಕಾಲೆತ್ತಿ ಜೋತುಬಿದ್ದಳು. ಅದು ಉಸಿರೆತ್ತಲಿಲ್ಲ.

ಅಪ್ಪ ಬಂದವನೇ ಅಭ್ಯಾಸದಂತೆ ಕಂಬಿಯನ್ನು ಜಗ್ಗಿದ.

"ನೋಡ್ದ್ಯಾ? ಬಂಡೆ! ನಿನ್ನ ಆಟದ ಸಾಮಾನಲ್ಲಿ ಆಗ್ತಿತ್ತಾ ಇದು?"

"ಇಲ್ಲಪ್ಪ."

ಅಮ್ಮ ಕಂಬಿ ಹಿಡಿದು ಬಂದು ಮಗಳ ಎದುರು ನಿಂತಳು. ಅವಳ ಜಡೆಯ ಮೇಲಿದ್ದ ಕೆಂಪು ಪುಡಿಯನ್ನು ಎರಡು ಬೆರಳಲ್ಲಿ ಕೊಡವಿದಳು. "ಕಸ" ಅಂದಳು, ಮುಂದೆ ನಡೆದಳು.

ಆ ರಾತ್ರಿ ಅಮ್ಮ ಎದ್ದ ಸಪ್ಪಳ, ಹೆಜ್ಜೆ, ಮತ್ತೆ ಹೆಜ್ಜೆ. ಗೋಡೆ ಮಲಗಿತ್ತು. ಸಡಿಲ ಪ್ಲಗ್ಗುಗಳು ನಾಲ್ಕೂ ಮಗಳ ಮುಷ್ಟಿಯಲ್ಲಿದ್ದವು. ನಾಳೆಯಿಂದ ಅಪ್ಪ ಕೇಳಿದಾಗಲೆಲ್ಲ ದೊಡ್ಡ ಯಂತ್ರ ಬಾಡಿಗೆಗೆ ಹೋಗಿರುತ್ತದೆ. ತೂತಿನ ಅಳತೆ ಕೇಳುವ ನೆಪದಲ್ಲಿ ಅವನ ಬೆರಳಿನ ಪಕ್ಕ ತನ್ನದೂ ಒಂದಿರುತ್ತದೆ. ಉಳಿದದ್ದನ್ನು ಯಾರಿಗೂ ಹೇಳುವುದಿಲ್ಲ, ಅಮ್ಮ ಬಾಯಿಬಿಟ್ಟು ಕೇಳಿದರೂ ಇಲ್ಲ ಅಂತ ನಿಶ್ಚಯಿಸಿ, ಮಗ್ಗುಲಾದಳು.