ಎಡಗಾಲಿಗೊಂದು ಚಿಟಿಕೆ

ನಾನು ಒಂದು ಸಡ್ಡೆ. ಹೆಸರು ಕೇಳಿ ಹುಬ್ಬೇರಿಸಬೇಡಿ. ಬಿತ್ತನೆಯ ದಿನ ಕೂರಿಗೆಯ ಹಿಂದೆ ಹಗ್ಗ ಕಟ್ಟಿ ಎಳೆಯುತ್ತಾರಲ್ಲ, ಆ ಒಂಟಿ ಬಿದಿರಿನ ಕೊಳವೆ. ಮೇಲೆ ಮರದ ಬಟ್ಟಲು, ಕೆಳಗೆ ಚೂಪು ಮೂತಿ. ಬಡಗಿ ನನ್ನ ಒಳಗಿನ ಗಿಣ್ಣುಗಳನ್ನು ಕಾದ ಸಲಾಕೆಯಿಂದ ಚುಚ್ಚಿ ತೆಗೆದ ದಿನವೇ ನನ್ನ ಹುಟ್ಟು. ಸುಮ್ಮನಿರುವ ಜಾಯಮಾನ ನನ್ನದಲ್ಲ. ದುರ್ದೈವ ನೋಡಿ, ವರ್ಷಕ್ಕೆ ನನಗೆ ಕೆಲಸ ನಾಲ್ಕೇ ದಿನ. ಉಳಿದದ್ದೆಲ್ಲ ಸೂರಿನಡಿ ತೂಗಾಡುತ್ತ ಮೋಡ ಎಣಿಸುವುದು.

ಪಾವಗಡದ ಕಡೆಯ ಕೆಂಪು ನೆಲ ನನ್ನದು. ಆರು ಸಾಲು ಕಡಲೆಕಾಯಿ ಬಿದ್ದರೆ ಏಳನೆಯದು ನನ್ನ ಸಾಲು, ಅಕ್ಕಡಿ ಸಾಲು. ಅದರಲ್ಲಿ ತೊಗರಿ, ನಡುನಡುವೆ ಹರಳು, ಅಲಸಂದೆ. ನನ್ನನ್ನು ಹಿಡಿಯುವುದು ಹೆಂಗಸರ ಕೈ ಮಾತ್ರ. ಗಂಡಸರಿಗೆ ಎತ್ತು, ಹೆಂಗಸರಿಗೆ ಬೀಜ, ಅದು ಆ ಊರಿನ ಕಟ್ಟಳೆ. ನನ್ನ ಮೊದಲ ಒಡತಿ ತಿಪ್ಪಕ್ಕ. ಮಡಿಲಲ್ಲಿ ಬೀಜ ಕಟ್ಟಿಕೊಂಡು ಎಡಗೈಯಲ್ಲಿ ನನ್ನನ್ನು ನೆಟ್ಟಗೆ ಹಿಡಿದು ಬರಿಗಾಲಲ್ಲಿ ನಡೆದಳೆಂದರೆ ನನಗೆ ಹಬ್ಬ. ಅವಳ ಎಡಗಾಲು ನೆಲ ಮುಟ್ಟಿದಾಗೆಲ್ಲ ಒಂದು ಚಿಟಿಕೆ ಬೀಜ ನನ್ನ ಗಂಟಲಿಗಿಳಿಯುತ್ತಿತ್ತು. ತಪ್ಪಿದ್ದೇ ಇಲ್ಲ.

ಒಂದು ಮುಂಗಾರಿನಲ್ಲಿ ಶಿವನಂಜಯ್ಯ ಎಂಬ ಹೊಸ ಕೃಷಿ ಸಹಾಯಕ ಬಂದ. ಮಾತಿಗೊಮ್ಮೆ ಕನ್ನಡಕ ತೆಗೆದು ಒರೆಸುವ ಚಟ. ಬದುವಿನ ಮೇಲೆ ನಿಂತು, ಊರೆಲ್ಲ ಕೇಳುವಂತೆ, "ಏನಮ್ಮ ಇದು, ಕಲಬೆರಕೆ ಹೊಲ? ಬುದ್ಧಿ ಇದ್ದೋರು ಹಿಂಗೆ ಬಿತ್ತಾರಾ?" ಎಂದ. ಜನ ನಕ್ಕರು. ಆ ವರ್ಷವಷ್ಟೇ ಮದುವೆಯಾಗಿ ಬಂದಿದ್ದ ಸೊಸೆ ಓಬಳಮ್ಮನೂ ಅಲ್ಲೇ ಇದ್ದಳು. ಹೊಲ ಪೂರ್ತಿ ಕಡಲೆಕಾಯಿ ಹಾಕಿ ಎಂದು ಚೀಟಿ ಬರೆದುಕೊಟ್ಟ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಓದಿದ್ದನ್ನು ಹೇಳಿದ. ಆದರೆ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ತಿಪ್ಪಕ್ಕ ಮತ್ತೆ ಬೀಜ ಮುಟ್ಟಲಿಲ್ಲ.

ನನ್ನ ಬಟ್ಟಲು ಕೋಳಿಮರಿಗಳಿಗೆ ನೀರಿಡಲು ಹೋಯಿತು. ನಾನು ಒಲೆ ಮುಂದಿನ ಊದುಕೊಳವೆಯಾದೆ! ಮಣ್ಣು ಉಣ್ಣಬೇಕಾದ ಮೂತಿ ಬೂದಿ ತಿಂದಿತು. ಹೊರಗೆ ಕೂರಿಗೆ ಕಿರುಗುಟ್ಟಿದಾಗೆಲ್ಲ ನನಗೆ ಮೈಯೆಲ್ಲ ತುರಿಕೆ. ಹೀಗೆ ಎಂಟು ಬಿತ್ತನೆ ಕಳೆದವು.

ಒಂಬತ್ತನೆಯ ಬಿತ್ತನೆಯ ಬೆಳಗ್ಗೆ ಸೊಸೆ ಓಬಳಮ್ಮ ಒಳಗೆ ಬಂದವಳು ಬಾಗಿಲಲ್ಲೇ ನಿಂತಳು. ಅತ್ತೆ ಒಲೆ ಊದುತ್ತಿದ್ದಳು. ಎಡಗೈಯಲ್ಲಿ ನಾನು. ಬಲಗೈಯ ಬೆರಳುಗಳು ಮಾತ್ರ ಗಾಳಿಯಲ್ಲಿ ಬೀಜ ಬಿಡುತ್ತಿದ್ದವು. ಓಬಳಮ್ಮ ನನ್ನನ್ನು ಕಿತ್ತುಕೊಂಡು, ಮಸಿ ಕೆರೆದು, ಕೋಳಿಗಳನ್ನು ಅಟ್ಟಿ ಬಟ್ಟಲು ತಂದಳು.

"ಏಳತ್ತೆ. ಇಳಿಜಾರು ಹೊಲ ಒಂದಾದ್ರೂ ನಮ್ಮಿಷ್ಟದಂಗೆ ಬಿತ್ತಾನ. ನಂಗೂ ಕೈ ಕಲ್ಸು."

"ಕೈಯಲ್ಲ ಕಣೆ, ಕಾಲು ಕಲೀಬೇಕು," ಎಂದಳು ತಿಪ್ಪಕ್ಕ. ಅಂದು ನಾನು ಅತ್ತುಬಿಡುತ್ತಿದ್ದೆ, ಬಿದಿರಿಗೆ ಕಣ್ಣೀರಿಲ್ಲ.

ತಿಪ್ಪಕ್ಕ ತೀರಿಕೊಂಡು ಅದೇ ಹೊಲದ ಬದುವಿನಲ್ಲಿ ಮಣ್ಣಾದ ಎಷ್ಟೋ ವರ್ಷಗಳ ಮೇಲೆ ಕಂಬಳಿ ಹುಳು ಬಿತ್ತು. ಊರಿನ ಕಡಲೆಕಾಯಿ ಎಲೆಯಿಲ್ಲದೆ ಕಡ್ಡಿಯಾಯಿತು. ಇಳಿಜಾರು ಹೊಲದಲ್ಲಿ ಹುಳು ಮೊದಲು ಹರಳು, ಅಲಸಂದೆಗೆ ಮುತ್ತಿತು. ಓಬಳಮ್ಮ ಹುಳುಗಳನ್ನು ಎಲೆಸಮೇತ ಕಿತ್ತು ಗುಂಡಿಗೆ ಹಾಕಿ ತುಳಿದಳು. ಅರ್ಧ ಕಡಲೆಕಾಯಿ ಉಳಿಯಿತು, ತೊಗರಿ ಪೂರ್ತಿ ನಿಂತಿತು. ಸುದ್ದಿ ಕೃಷಿ ತರಬೇತಿ ಕೇಂದ್ರಕ್ಕೆ ಮುಟ್ಟಿತು. ಮರುವರ್ಷ ಹದಮಳೆ ಬಿದ್ದ ಮಾರನೆಯ ದಿನವೇ, ರೈತರ ಅನುಭವದಿಂದ ಕಲಿಯಲೆಂದು ಹತ್ತು ಮಂದಿ ಹೊಸ ಕೃಷಿ ಸಲಹೆಗಾರರು ವ್ಯಾನಿನಲ್ಲಿ ಬಂದಿಳಿದರು. ಕರೆತಂದ ಹಿರಿಯ ಅಧಿಕಾರಿ ಕನ್ನಡಕ ತೆಗೆದು ಒರೆಸಿದ. ಓಬಳಮ್ಮ ಅವನನ್ನು ಗುರುತಿಸಿದಳು. ಅವನು ಅವಳನ್ನು ಗುರುತಿಸಲಿಲ್ಲ.

ಅವರ ವರದಿಯ ಮೇಲೆ ಮುಂದಿನ ವರ್ಷ ಹೋಬಳಿಗೆಲ್ಲ ಯಾವ ಬೀಜ ಕೊಡಬೇಕೆಂಬುದು ತೀರ್ಮಾನವಾಗಲಿತ್ತು. ಓಬಳಮ್ಮನಿಗೆ ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಅತ್ತೆ ದಡ್ಡಿಯಲ್ಲ ಎಂದು ಇದೇ ಮನುಷ್ಯನ ಬಾಯಲ್ಲಿ ಬರಬೇಕಿತ್ತು.

ಶಿವನಂಜಯ್ಯ ಅಂಗಳದಲ್ಲಿ ಟಾರ್ಪಾಲು ಹಾಸಿಸಿದ. "ಇಲ್ಲಿ ಕೂತು ಬೀಜ ಬಿಡಿ ಅಮ್ಮ. ಅಡಿಗೆ ಎಷ್ಟು ಬೀಳುತ್ತೆ ಎಣಿಸ್ಕೋತಾರೆ."

ಓಬಳಮ್ಮ ನನ್ನನ್ನು ಹಿಡಿದು, ಕೂತಲ್ಲೇ ಸರಿಯುತ್ತ ಬೀಜ ಬಿಟ್ಟಳು. ಹುಡುಗಿಯೊಬ್ಬಳು, ವನಜಾಕ್ಷಿ, ಟೇಪು ಹಿಡಿದಳು. ಒಂದು ಕಡೆ ಏಳು ಬೀಜ, ಒಂದು ಕಡೆ ಒಂದೂ ಇಲ್ಲ. ನಾನು ಬಟ್ಟಲಿನಿಂದ ಮೂತಿಯವರೆಗೆ ಬೆವತೆ. ಮತ್ತೆ ಬಿಟ್ಟಳು, ಇನ್ನೂ ಕೆಟ್ಟಿತು. ಓಬಳಮ್ಮನ ಕಿವಿ ಕೆಂಪಾಯಿತು. ವನಜಾಕ್ಷಿ ಪುಸ್ತಕದಲ್ಲಿ 'ಕ್ರಮವಿಲ್ಲ' ಎಂದು ಬರೆದಳು. ಶಿವನಂಜಯ್ಯ, "ಒಂದು ಲೆಕ್ಕ ಇಲ್ದಿದ್ರೆ ಬೇರೆ ರೈತರಿಗೆ ಏನಂತ ಹೇಳೋದು?" ಎಂದ.

ಓಬಳಮ್ಮ ತಟ್ಟನೆ ಎದ್ದಳು. "ಕೂತ್ಕಂಡು ಬಿತ್ತೋರು ಯಾರ್ ಸಾ ಇದಾರೆ? ಏ ಇವ್ರೇ, ಎತ್ತು ಕಟ್ಟಿ!"

ಗಂಡ ಚಿತ್ತಯ್ಯ ಕೂರಿಗೆ ಹೂಡಿದ. ಓಬಳಮ್ಮ ಒಂದು ಸಾಲು ನಡೆದು ತೋರಿಸಿ ನನ್ನನ್ನು ಮುಂದೆ ಚಾಚಿದಳು. "ಒಬ್ಬೊಬ್ರಿಗೆ ಒಂದೊಂದು ಸಾಲು. ಗಂಡಸ್ರೂ ಹಿಡೀರಿ, ಇವತ್ತು ಕಟ್ಟಳೆ ಇಲ್ಲ."

ಅಂದು ನಾನು ಕಂಡ ಕೈಗಳೇ! ಒಬ್ಬ ಬೀಜ ಗೊಬ್ಬರದಂತೆ ಎರಚಿದ. ಒಬ್ಬ ನನ್ನನ್ನು ಮಲಗಿಸಿ ಎಳೆದು, ಕೊಳವೆಯೇ ಸರಿ ಇಲ್ಲ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಶಿವನಂಜಯ್ಯ ಇಪ್ಪತ್ತು ಹೆಜ್ಜೆಯೊಳಗೆ ಬೀಜವೆಲ್ಲ ಖಾಲಿ ಮಾಡಿ, ಮಿಕ್ಕ ಸಾಲು ಬರಿಗೈಯಲ್ಲಿ ನಡೆದ. ಕೊನೆಗೆ ಬಂದ ವನಜಾಕ್ಷಿ ಅಷ್ಟೂ ಹೊತ್ತು ಓಬಳಮ್ಮ ನಡೆದು ಹೋದ ಹೆಜ್ಜೆ ಗುರುತುಗಳನ್ನೇ ನೋಡುತ್ತಿದ್ದಳು. ಶೂ ಬಿಚ್ಚಿ ಬದುವಿನ ಮೇಲಿಟ್ಟು ಮೆಲ್ಲಗೆ ಕೇಳಿದಳು, "ಎಡಗಾಲಿಗಾ ಅಮ್ಮ?"

"ಹೂಂ ಕಣವ್ವ. ಯಾರೂ ಕೇಳ್ಲೇ ಇಲ್ವಲ್ಲ."

ಮೊದಮೊದಲು ಆ ಹುಡುಗಿಯ ಕಾಲು ಮುಂದೆ, ಚಿಟಿಕೆ ಹಿಂದೆ ಆಯಿತು, ಆದರೂ ಅರ್ಧ ಸಾಲು ದಾಟುವಷ್ಟರಲ್ಲಿ ನನಗೆ ಹಳೆಯ ತಾಳ ಸಿಕ್ಕಿತು.

ಹನ್ನೆರಡನೆಯ ದಿನ ಮೊಳಕೆ ನೋಡಲು ಎಲ್ಲರೂ ಮತ್ತೆ ಬಂದರು. ಬಿತ್ತಿದವರ ಗುಟ್ಟು ಹೊಲ ಇಟ್ಟುಕೊಳ್ಳುತ್ತದೆಯೇ? ಓಬಳಮ್ಮನ ಸಾಲು ಒಂದೇ ಸಮ. ವನಜಾಕ್ಷಿಯದು ಮೊದಮೊದಲು ತಡವರಿಸಿ, ಆಮೇಲೆ ನೆಟ್ಟಗೆ. ಒಂದು ಸಾಲಿನಲ್ಲಿ ಮಾತ್ರ ಇಪ್ಪತ್ತು ಹೆಜ್ಜೆ ತೊಗರಿ ಒಂದರ ಮೇಲೊಂದು ಬಿದ್ದು, ಮುಂದೆ ಬರೀ ನೆಲ. "ಇದ್ಯಾರದಪ್ಪ?" ಎಂದು ಹುಡುಗನೊಬ್ಬ ನಕ್ಕ.

"ನಂದು," ಎಂದ ಶಿವನಂಜಯ್ಯ. ಕನ್ನಡಕ ತೆಗೆದ, ಒರೆಸಲಿಲ್ಲ. ಸಾಲನ್ನೂ, ತಾನು ಅಂದು ನಿಂತು ಮಾತಾಡಿದ್ದ ಬದುವನ್ನೂ ನೋಡಿದ. "ಅಮ್ಮ, ನಾನು ಈ ಹೊಲಕ್ಕೆ ಮೊದಲೇ ಬಂದಿದ್ದೆ ಅಲ್ವಾ? ಒಬ್ರು ವಯಸ್ಸಾದೋರಿದ್ರು. ಅವರಿಗೆ ಬುದ್ಧಿ ಇಲ್ಲ ಅಂದಿದ್ದೆ."

"ನಮ್ಮತ್ತೆ. ಅಲ್ಲೇ ಬದುವಿನಾಗೆ ಮಲಗವ್ರೆ."

ಅವನು ಚಪ್ಪಲಿ ಬಿಟ್ಟು ಅಲ್ಲಿಗೆ ಹೋಗಿ ಕೈಮುಗಿದ. "ತಪ್ಪು ನಂದು ತಾಯಿ. ಬುದ್ಧಿ ಇಲ್ದೋನು ನಾನು," ಎಂದ. ಹತ್ತೂ ಜನ ಕೇಳಿಸಿಕೊಂಡರು. ಓಬಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನನ್ನು ಅವನ ಕೈಗಿಟ್ಟಳು.

"ಕೈ ಮುಗಿದ್ರೆ ಸಾಲದು ಸಾ. ಸಾಲು ಖಾಲಿ ಐತೆ, ಹಸಿ ಆರೋದ್ರಾಗೆ ತುಂಬ್ಸಿ."

ಅವನು ತುಂಬಿಸಿದ. ಎಡಗಾಲಿಗೊಂದು ಚಿಟಿಕೆ, ಓಬಳಮ್ಮ ಪಕ್ಕದಲ್ಲಿ ನಡೆಯುತ್ತ ಗದರುತ್ತಿದ್ದಳು. ಮುಂದಿನ ವರ್ಷ ಹೋಬಳಿಗೆಲ್ಲ ಕಡಲೆಕಾಯಿಯ ಜೊತೆ ಅಕ್ಕಡಿ ಬೀಜವೂ ಬಂತು.

ಈಗ ನನ್ನ ಮೂತಿ ಸವೆದು, ಮೈ ಸೀಳಿದೆ. ಗಾಜಿನ ಪೆಟ್ಟಿಗೆಯಲ್ಲಿಡುತ್ತೇವೆ ಎಂದು ತರಬೇತಿ ಕೇಂದ್ರದವರು ಕೇಳಿದ್ದರು. ಓಬಳಮ್ಮ ಕೊಡಲಿಲ್ಲ, ನನ್ನ ಪುಣ್ಯ. ಮತ್ತೆ ಸೂರಿನಡಿ ತೂಗಾಡುತ್ತಿದ್ದೇನೆ. ಪಕ್ಕದಲ್ಲಿ ಹೊಸ ಸಡ್ಡೆಯೊಂದಿದೆ, ತುಂಬಾ ಜಂಬ. ಮೋಡ ಕಂಡರೆ ನನಗೆ ಇಂದಿಗೂ ತುರಿಕೆ ಏಳುತ್ತದೆ, ಗಾಳಿ ಇಲ್ಲದಿದ್ದರೂ ಗೋಡೆಗೆ ಟಕಟಕ ಬಡಿಯುತ್ತೇನೆ. ಮುದುಕರಾದ ಮೇಲೆ ನೆಮ್ಮದಿ ಬರುತ್ತದೆ ಎನ್ನುತ್ತಾರೆ, ನನಗಂತೂ ಬಂದಿಲ್ಲ. ಕಲಿಸುವುದು ಬಾಯಿ, ಕಲಿಯುವುದು ಕಿವಿ ಎಂದುಕೊಂಡವರು ಇನ್ನೂ ಎಷ್ಟೋ ಜನ ವ್ಯಾನಿನಲ್ಲಿ ಬಂದಿಳಿಯುತ್ತಾರೆ. ಬಂದವರಿಗೆಲ್ಲ ಓಬಳಮ್ಮ ಮೊದಲು ವನಜಾಕ್ಷಿ ತನ್ನ ಪುಸ್ತಕದಿಂದ ಹರಿದುಕೊಟ್ಟ ಆ ಹಾಳೆ ತೋರಿಸುತ್ತಾಳೆ. ಅದರಲ್ಲಿ 'ಕ್ರಮವಿಲ್ಲ' ಎಂಬುದನ್ನು ಹೊಡೆದುಹಾಕಿ, ಕೆಳಗೆ ಬರೆದಿದೆ: 'ಕ್ರಮ ತಿಪ್ಪಕ್ಕನದು. ತಿಳಿಯಬೇಕಾದರೆ ಶೂ ಬಿಚ್ಚಿ.'